ಫಾರ್ವರ್ಡ್ ಬೇರೆ, ಬಾಯಿಮಾತು ಬೇರೆ

(ಅಮೆರಿಕದ ಸಿಯಾಟಲ್ ಬಳಿಯ ನ್ಯೂಕ್ಯಾಸಲ್‌ನಲ್ಲಿ ನಡೆದ ನಮ್ಮವರ ಕೂಟದಲ್ಲಿ ಆಡಿದ ಮಾತು)



ನಮ್ಮ ಹಿರಿಯರು ಗಲ್ಫಿಗೆ ಹೋದದ್ದು ಜಾಹೀರಾತು ನೋಡಿ ಅಲ್ಲ. "ಇಲ್ಲಿ ಕೆಲಸ ಉಂಟು, ಬಾ" ಅಂತ ಭಾವನೋ ನೆರೆಮನೆಯವರೋ ಹೇಳಿದ ಮಾತು ನಂಬಿ. ಪತ್ರಿಕೆ, ಸಿನಿಮಾ ಜನರಿಗೆ ತಲುಪುವುದೂ ಹೀಗೆಯೇ. ಈಗ ಆ ಮಾತು ವಾಟ್ಸ್ಆಪ್, ಫೇಸ್‌ಬುಕ್‌ನಲ್ಲಿ ನಡೆಯುತ್ತದೆ, ಅಷ್ಟೇ.

'ರಂಗಿತರಂಗ'ವನ್ನೇ ನೋಡಿ. ನಿರ್ದೇಶಕ ಅನೂಪ್ ಭಂಡಾರಿ, ನಾಯಕ ನಿರೂಪ್ ಭಂಡಾರಿ ಇಬ್ಬರಿಗೂ ಅದು ಮೊದಲ ಚಿತ್ರ. 2015ರ ಜುಲೈ 3ಕ್ಕೆ ತೆರೆಗೆ ಬಂತು. ಒಂದೇ ವಾರಕ್ಕೆ, ಜುಲೈ 10ರಂದು 'ಬಾಹುಬಲಿ' ಬಂತು. ಆದರೂ ಚಿತ್ರ ನಿಂತಿತು. ನೋಡಿ ಬಂದವರು "ನಮ್ಮ ಕರಾವಳಿಯ ಕಥೆ, ಬಿಡಬೇಡಿ" ಅಂತ ತಮ್ಮ ಹೆಸರಿನಲ್ಲೇ ಬರೆದರು. ಅಮೆರಿಕದಲ್ಲೂ ಅದು ವಾರಗಟ್ಟಲೆ ಓಡಿತು.

ಇನ್ನು ನಮ್ಮದೇ 'ಬ್ಯಾರಿ'. ನಮ್ಮ ಭಾಷೆಯ ಮೊದಲ ಚಿತ್ರ. ಕೆ.ಪಿ. ಸುವೀರನ್ ನಿರ್ದೇಶನ. 2011ನೇ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಮರಾಠಿಯ 'ದೇವೂಳ್' ಜೊತೆ ಹಂಚಿಕೊಂಡಿತು. ನಮ್ಮಲ್ಲಿ ಎಷ್ಟು ಮನೆಯವರು ಅದನ್ನು ನೋಡಿದ್ದಾರೆ? ಪ್ರಶಸ್ತಿ ದೆಹಲಿಯಿಂದ ಬರಬಹುದು. ಆದರೆ ನೋಡುವವರನ್ನು ಕರೆತರಬೇಕಾದವರು ನಾವೇ.

ಹಾಗಂತ ಲಿಂಕನ್ನು ಐವತ್ತು ಗ್ರೂಪಿಗೆ ತಳ್ಳಿದರೆ ಆಗುವುದಿಲ್ಲ. ಗಾಳಿಸುದ್ದಿ ತಡೆಯಲಿಕ್ಕೆಂದು ವಾಟ್ಸ್ಆಪ್ 2019ರ ಜನವರಿಯಲ್ಲಿ ಫಾರ್ವರ್ಡನ್ನು ಒಮ್ಮೆಗೆ ಐದು ಕಡೆಗೆ ಮಿತಿಗೊಳಿಸಿತು. 2020ರ ಏಪ್ರಿಲ್‌ನಲ್ಲಿ, ಹಲವು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದು ಅಂತ ಮಾಡಿತು.

ನಾವು ಮಾಡಬೇಕಾದ್ದು ಸಣ್ಣ ಕೆಲಸ. ಮೊದಲು ಪೂರ್ತಿ ಓದಿ, ನೋಡಿ. ಇಷ್ಟವಾದದ್ದು ಯಾಕೆ ಅಂತ ಎರಡು ಸಾಲು ನಾವೇ ಬರೆಯೋಣ. ಬರೆಯಲಿಕ್ಕೆ ಬಾರದಿದ್ದರೆ ಬ್ಯಾರಿಯಲ್ಲೇ ವಾಯ್ಸ್ ಕಳಿಸೋಣ. ಎಲ್ಲಿ ಸಿಗುತ್ತದೆ, ಚಂದಾ ಎಷ್ಟು ಅಂತಲೂ ಹೇಳೋಣ. ಯಾರಿಗೆ ಬೇಕೋ ಅವರಿಗೇ ಕಳಿಸೋಣ. ಚೆನ್ನಾಗಿಲ್ಲದ್ದನ್ನು ನಮ್ಮವರದ್ದು ಅಂತ ಹೊಗಳುವುದು ಬೇಡ.

ಯಾಕೆಂದರೆ ಇಲ್ಲಿ ಖರ್ಚಾಗುವುದು ದುಡ್ಡಲ್ಲ, ನಮ್ಮ ಮೇಲಿನ ನಂಬಿಕೆ. ಸುಳ್ಳು ವೀಸಾ ಸುದ್ದಿಯನ್ನು ವಿಚಾರಿಸದೆ ದಾಟಿಸಿದ ಕೈಯಿಂದಲೇ ನಾಳೆ "ಈ ಪತ್ರಿಕೆ ಓದಿ" ಅಂತ ಹೋದರೆ ಊರಲ್ಲಿ ಯಾರು ಕೇಳುತ್ತಾರೆ?

ಈ ತಿಂಗಳು ಪ್ರತಿ ಮನೆಯವರೂ ಈ ಪತ್ರಿಕೆಯ ಒಂದು ಲೇಖನ ಓದಿ, ಊರಿನ ಒಂದು ಮನೆಗೆ ಫೋನ್ ಮಾಡಿ ಅದರ ಬಗ್ಗೆ ಹೇಳಿ. ಅವರು ಏನು ಹೇಳಿದರು ಅಂತ ನಮಗೂ ತಿಳಿಸಿ.