ಗಾಜಿನ ಆಚೆ ಕೂತವರು



ಒಂದು ಸಂಜೆ ಕಾರವಾರದ ಸದಾಶಿವಗಡದ ಗುಡ್ಡ ಹತ್ತಿ, ಕೈಯಲ್ಲಿ ಮೈಕು ಹಿಡಿದು ನಿಂತು ನೋಡಿ. ಕೆಳಗೆ ಕಾಳಿ ನದಿ ಸಮುದ್ರ ಸೇರುವ ಜಾಗ. ಬರಿಗಿವಿಗೆ ಎಲ್ಲವೂ ಪ್ರಶಾಂತ. ಹೆಡ್‌ಫೋನ್ ಹಾಕಿಕೊಂಡರೆ ಮಾತ್ರ ಗಾಳಿ ದಬದಬನೆ ಮೈಕಿಗೆ ಬಡಿಯುತ್ತದೆ, ಸೇತುವೆಯ ಮೇಲಿನ ಲಾರಿ ಎದೆಯ ಮೇಲೇ ಹೋದಂತಾಗುತ್ತದೆ. ಬೇಡದ ಸದ್ದನ್ನು ಬದಿಗಿಡುವ ಬುದ್ಧಿ ನಮ್ಮ ತಲೆಗಿದೆ, ಮೈಕಿಗಿಲ್ಲ. ಅದರ ಪರವಾಗಿ ಆ ಬುದ್ಧಿ ಓಡಿಸುವವರೇ ಸೌಂಡ್ ಇಂಜಿನಿಯರ್. ಸಿನಿಮಾದಲ್ಲಿ 'ಶಬ್ದಗ್ರಹಣ' ಎಂದು ಅವರ ಹೆಸರು ಬರುವ ಹೊತ್ತಿಗೆ ನಾವಿನ್ನೂ ಸೀಟು ಹುಡುಕುತ್ತಿರುತ್ತೇವೆ.

ಈ ಕಸುಬು ನಮ್ಮ ದೇಶಕ್ಕೆ ಬಂದದ್ದು ಮೈಕಿಗಿಂತ ಮೊದಲೇ. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬವರು ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡನ್ನು ಮೇಣದ ತಟ್ಟೆಗೆ ಇಳಿಸಿದರು. ಹಾಡುವವರು ದೊಡ್ಡ ಕಹಳೆಯೊಳಗೆ ಮುಖ ಚಾಚಬೇಕು. ಸ್ವರ ಏರಿದರೆ ಪಕ್ಕದಲ್ಲಿದ್ದವರು ಹಿಂದಕ್ಕೆ ಎಳೆಯಬೇಕು, ಇಳಿದರೆ ಮುಂದಕ್ಕೆ ತಳ್ಳಬೇಕು. ಇಂದು ಮಿಕ್ಸರಿನಲ್ಲಿ ಸದ್ದು ಏರಿಸಿ ಇಳಿಸುವ ಫೇಡರ್ ಮಾಡುವ ಕೆಲಸವನ್ನು ಅಂದು ಹಾಡುವವರ ಹೆಗಲ ಮೇಲಿನ ಕೈ ಮಾಡುತ್ತಿತ್ತು. ಹಾಡಿನ ಕೊನೆಗೆ ಗೌಹರ್ ಜಾನ್ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ಜರ್ಮನಿಯಲ್ಲಿ ತಟ್ಟೆ ಅಚ್ಚು ಹಾಕುವವರಿಗೆ ಗುರುತು ಸಿಗಬೇಕಲ್ಲ! ಆ ಹಾಡನ್ನು ಹಿಡಿದವರ ಹೆಸರು ಮಾತ್ರ ತಟ್ಟೆಯಲ್ಲಿಲ್ಲ. ಆ ಮಹಾಗಾಯಕಿ ಕೊನೆಗಾಲ ಕಳೆದದ್ದು ನಮ್ಮ ಮೈಸೂರಿನಲ್ಲಿ. 1930ರಲ್ಲಿ ಅಲ್ಲೇ ತೀರಿಕೊಂಡರು.

ಅದೇ ಮೈಸೂರಿನಲ್ಲಿ 1935ರ ಸೆಪ್ಟೆಂಬರ್ 10ರಂದು ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ಸ್ವಂತ ಮನೆಯಿಂದ 'ಆಕಾಶವಾಣಿ' ಶುರುಮಾಡಿದರು. ಟ್ರಾನ್ಸ್‌ಮಿಟರಿನ ಶಕ್ತಿ 30 ವ್ಯಾಟ್, ಒಂದು ಮಂದ ಬಲ್ಬಿನಷ್ಟು. ಇಂಜಿನಿಯರಿಂಗ್ ಪದವಿ ಇಲ್ಲದ ಮೇಷ್ಟ್ರು ಕೈಯಿಂದ ದುಡ್ಡು ಹಾಕಿ ಮಾಡಿದ ಕೆಲಸ ಅದು. ನಮ್ಮ ಕಾರವಾರ ಇನ್ನೂ ಮುಂಬಯಿ ಪ್ರಾಂತ್ಯದಲ್ಲಿದ್ದಾಗ, 1950ರಲ್ಲಿ, ಧಾರವಾಡ ಆಕಾಶವಾಣಿ ಕೇಂದ್ರ ಆರಂಭವಾಯಿತು.

ಮುಂದೆ ಟೇಪಿನ ಕಾಲ. ಸ್ಪೂಲಿನ ಟೇಪು ಸೆಕೆಂಡಿಗೆ ಏಳೂವರೆ ಇಂಚು ಓಡುತ್ತಿತ್ತು. ಭಾಷಣಕಾರ ಒಂದು ಸೆಕೆಂಡು ಕೆಮ್ಮಿದನೆನ್ನಿ, ಏಳೂವರೆ ಇಂಚು ಕೆಮ್ಮು! ಟೇಪನ್ನು ಕೈಯಲ್ಲಿ ಹಿಂದೆ ಮುಂದೆ ಎಳೆದು, ಕೆಮ್ಮು ಎಲ್ಲಿ ಹುಟ್ಟಿತು, ಎಲ್ಲಿ ಮುಗಿಯಿತು ಎಂದು ಕೇಳಿ, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಅಂಟಿಸುತ್ತಿದ್ದರು. ಉಸಿರನ್ನೂ ಜೊತೆಗೆ ಕತ್ತರಿಸಿಬಿಟ್ಟರೆ ಮಾತು ಮನುಷ್ಯನದ್ದು ಅನ್ನಿಸುತ್ತಿರಲಿಲ್ಲ. ಇಂದು ಕಂಪ್ಯೂಟರಿನಲ್ಲಿ ತಪ್ಪಾದರೆ ಹಿಂದಕ್ಕೆ ಹೋಗಬಹುದು. ಅಂದು ನೆಲಕ್ಕೆ ಬಿದ್ದ ತುಂಡನ್ನು ಬಗ್ಗಿ ಹುಡುಕಬೇಕಿತ್ತು.

ನನ್ನ ಮಟ್ಟಿಗೆ ಈ ವಿದ್ಯೆ ಸ್ಟುಡಿಯೋದಿಂದ ಬರಲಿಲ್ಲ, ಮೈಕ್ ಸೆಟ್‌ನಿಂದ ಬಂತು. ಹುಡುಗನಿದ್ದಾಗ ಜಾತ್ರೆಗೆ, ಯಕ್ಷಗಾನಕ್ಕೆ ವಯರು ಎಳೆಯಲು ಹೋಗುತ್ತಿದ್ದೆ. ಒಂದು ರಾತ್ರಿ ಚೆಂಡೆ ಜೋರಾಗಿ ಕೇಳಲಿ ಎಂದು ಅದರ ಬಾಯಿಗೇ ಮೈಕು ಇಟ್ಟೆ. ಭಾಗವತರ ಪದ ಪೂರ್ತಿ ಮುಳುಗಿತು. ಗಾಬರಿಯಲ್ಲಿ ಅವರ ಮೈಕಿನ ತಿರುಗಣಿ ಏರಿಸಿದೆ, ಅದು ಕುಯ್ಯೆಂದು ಕಿರುಚಿತು. ಸೆಟ್ಟಿನ ಯಜಮಾನರು ಬೈಯಲಿಲ್ಲ. "ತಮಾ, ಮೊದ್ಲು ಕೇಳು, ತಿರುಪೂದು ಆಮೇಲೆ" ಎಂದು ನನ್ನನ್ನು ಜನರ ಹಿಂದಿನ ಸಾಲಿಗೆ ಕಳಿಸಿದರು. ಚೆಂಡೆಗೆ ಮೈಕೇ ಬೇಡವಾಗಿತ್ತು. ಅದು ಊರಾಚೆಗೂ ಕೇಳುವ ವಾದ್ಯ.

ಸ್ಪೂಲಿನ ಬಳಿಕ ಕ್ಯಾಸೆಟ್ಟಿನ ಕಾಲ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ಟಾಗಿ ಬಂತು. ಭಾವಗೀತೆ ಮನೆಮನೆ ಸೇರಿತು, ಧ್ವನಿಮುದ್ರಣದವರಿಗೆ ಕೆಲಸ ಹೆಚ್ಚಿತು. ಆದರೂ ಸಿನಿಮಾ ಹಾಡೆಂದರೆ ಬಹುಕಾಲ ಮದರಾಸಿನ ರೈಲು ಹತ್ತುವುದೇ ಆಗಿತ್ತು. ನಮ್ಮ ಜಿಲ್ಲೆಯ ಹೊನ್ನಾವರದ ಕಡೆಯ ಶಂಕರ್ ನಾಗ್ 1980ರ ದಶಕದಲ್ಲಿ ಬೆಂಗಳೂರಿನಲ್ಲಿ 'ಸಂಕೇತ್' ಸ್ಟುಡಿಯೋ ಕಟ್ಟಿದ್ದರ ಬೆಲೆ ಗೊತ್ತಾಗುವುದು ಇದನ್ನು ನೆನೆದಾಗ. ಅವರ ನಟನೆಯ ಬಗ್ಗೆ ನಾವು ಎಷ್ಟೊಂದು ಮಾತಾಡುತ್ತೇವೆ, ಈ ಸ್ಟುಡಿಯೋದ ಬಗ್ಗೆ ಕಡಿಮೆ.

ಈಗ ಇದೇ ಕಸುಬು ಹಿಡಿಯಬೇಕೆನ್ನುವ ಮಕ್ಕಳು ಊರಲ್ಲಿದ್ದಾರೆ. ಲ್ಯಾಪ್‌ಟಾಪೇ ಸ್ಟುಡಿಯೋ ಆಗಿರುವ ಕಾಲ. ಓದಿ ಕಲಿಯುವುದಾದರೆ ಬೆಂಗಳೂರು ಹೆಸರಘಟ್ಟದ ಸರ್ಕಾರಿ ಫಿಲ್ಮ್ ಅಂಡ್ ಟಿವಿ ಇನ್‌ಸ್ಟಿಟ್ಯೂಟ್‌ನಲ್ಲಿ ಧ್ವನಿಗ್ರಹಣದ ಡಿಪ್ಲೊಮಾ ಇದೆ. ಪದವಿಯ ನಂತರವಾದರೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್, ಎಫ್‌ಟಿಐಐ. 2009ರಲ್ಲಿ ಆಸ್ಕರ್ ಪಡೆದ ಸೌಂಡ್ ಇಂಜಿನಿಯರ್ ರಸೂಲ್ ಪೂಕುಟ್ಟಿ ಅಲ್ಲಿ ಕಲಿತವರು. ಮಾಜಾಳಿ ದಾಟಿದರೆ ಗೋವಾ, ಅಲ್ಲಿ ಮದುವೆ, ಬ್ಯಾಂಡು, ಹೋಟೆಲ್ ಕಾರ್ಯಕ್ರಮಗಳಿಗೆ ಸೌಂಡಿನವರು ಬೇಕು. ಆದರೆ ಮಳೆಗಾಲದಲ್ಲಿ ಆ ಕೆಲಸ ಇಳಿಯುತ್ತದೆ, ಕೂಲಿಯೂ ಇಳಿಯುತ್ತದೆ. ಇದನ್ನು ಮನೆಯಲ್ಲಿ ಮೊದಲೇ ಹೇಳಿಡುವುದು ಒಳ್ಳೆಯದು.

ಈ ಭಾಷಣದಲ್ಲಿ ನಾನು ಎರಡು ಸಲ ಕೆಮ್ಮಿದ್ದೇನೆ. ನಿಮಗೆ ಕೇಳಿಸಿರಲಾರದು. ಸ್ಟುಡಿಯೋ ಗಾಜಿನ ಆಚೆ ಕೂತವರು ಈಗ ತೋರುಬೆರಳನ್ನು ಗಾಳಿಯಲ್ಲಿ ಸುತ್ತಿಸುತ್ತಿದ್ದಾರೆ, ಸಮಯವಾಯಿತಂತೆ.