ಸಾರು ನೀರಾದರೆ ನೋಟೀಸು ಯಾರಿಗೆ?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)

ನಮ್ಮ ಹಾಸ್ಟೆಲಿನಲ್ಲಿ ಸಾರು ನೀರಾಗಿತ್ತು. ನಾವು ತಟ್ಟೆ ಬಡಿದೆವು, ಧಿಕ್ಕಾರ ಕೂಗಿದೆವು. ಅಧಿಕಾರಿಗಳು ಜೀಪಿನಲ್ಲಿ ಬಂದು ಅಡುಗೆಯಮ್ಮನಿಗೆ ನೋಟೀಸು ಕೊಟ್ಟು ಹೋದರು. ಗೆದ್ದೆವು ಅಂದ್ಕೊಂಡು ಮಲಗಿದೆವು. ಮಾರನೇ ದಿನವೂ ಸಾರು ನೀರೇ.

ಆಗ ಅಡುಗೆಮನೆಗೆ ಹೋಗಿ ಕೂತು ಕೇಳಿದೆವು. "ಉಗ್ರಾಣದ ಬೀಗ ನನ್ನ ಕೈಲಿಲ್ಲ ಕಣ್ರಪ್ಪ. ಅಳೆದು ಕೊಟ್ಟಷ್ಟು ಬೇಳೆ ಬೇಯಿಸ್ತೀನಿ. ಮೂರು ತಿಂಗಳಿಂದ ಸಂಬಳ ಇಲ್ಲ. ವಾರ್ಡನ್ನರು ಏಜೆನ್ಸೀನ ಕೇಳು ಅಂತಾರೆ, ಏಜೆನ್ಸಿಯವರು ಇಲಾಖೆ ಬಿಲ್ಲು ಪಾಸಾಗಿಲ್ಲ ಅಂತಾರೆ" ಅಂದರು. ನಸುಕಿನಲ್ಲೆದ್ದು ನೂರು ಮಕ್ಕಳಿಗೆ ಮುದ್ದೆ ತಿರುವೋ ಆ ಕೈ ನಮ್ಮವ್ವನ ಕೈಯಂತೆಯೇ ಇತ್ತು. ನಾವು ತಟ್ಟೆ ಬಡಿದದ್ದು ಆ ಕೈ ಮೇಲೆ.

ನಮ್ಮಲ್ಲಿ ಆಡಳಿತ ಅಂದರೆ ಇದೇ. ಅಧಿಕಾರ ಮೇಲೆ ಕೂತಿರುತ್ತೆ, ತಪ್ಪು ಮಾತ್ರ ಕೆಳಗಿನವರ ತಲೆಗೆ ಇಳಿಯುತ್ತೆ. ಈ ಏಣಿ ನಮಗೆ ಹೊಸದಲ್ಲ, ನಮ್ಮೂರಲ್ಲೇ ನೋಡಿದ್ದೇವೆ.

ಅಂಗನವಾಡಿ ನೋಡಿ. ಆ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಕೂಸಿಗೆ ಊಟ, ತೂಕ, ಪಾಠ, ಬಸುರಿಯರ ಲೆಕ್ಕ, ಎಲ್ಲ ಆ ಕಾರ್ಯಕರ್ತೆಯ ತಲೆ ಮೇಲೆ. ಕೊಡೋದಕ್ಕೆ ಸಂಬಳ ಅನ್ನೋದಿಲ್ಲ, 'ಗೌರವಧನ' ಅಂತಾರೆ. ಅವರಿಗೆ ಗ್ರಾಚ್ಯುಟಿ ಹಕ್ಕಿದೆ ಅಂತ ಸುಪ್ರೀಂ ಕೋರ್ಟು ಹೇಳಿದ್ದು 2022ರಲ್ಲಿ. ಒಂದು ಹಕ್ಕಿನ ಮಾತಿಗೆ ನಲವತ್ತಾರು ವರ್ಷ ದಾಟಬೇಕಾಯಿತು!

ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕ ಕೊಡಬೇಕು, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕು ಅಂತ 1970ರ ಗುತ್ತಿಗೆ ಕಾರ್ಮಿಕ ಕಾಯಿದೆಯೇ ಹೇಳಿತ್ತು. ನಮ್ಮ ಅಡುಗೆಮನೆಯ ಮೂಲ ಮಾಲೀಕ ಯಾರು? ಇಲಾಖೆ. ಹಾಗಾದರೆ ಏಜೆನ್ಸಿಯ ಕಡೆ ಬೊಟ್ಟು ತೋರಿಸಿ ಕೈ ತೊಳಕೊಳ್ಳೋದು ಯಾವ ನ್ಯಾಯ?

ಅದಕ್ಕೇ ನಾವು ಕೇಳೋದು ಇಷ್ಟು. ದಿನಾ ಎಷ್ಟು ಅಕ್ಕಿ, ಎಷ್ಟು ಬೇಳೆ ಉಗ್ರಾಣದಿಂದ ಹೊರಬಂತು ಅಂತ ಬೋರ್ಡಿನಲ್ಲಿ ಬರೀಬೇಕು. ಊಟದ ಸಭೆಯಲ್ಲಿ ಅಡುಗೆಯವರಿಗೂ ಕುರ್ಚಿ ಇರಬೇಕು. ಅವರ ಮಾತು ಕೇಳದೆ ಯಾರಿಗೂ ನೋಟೀಸು ಕೊಡಬಾರದು. ಸಂಬಳ ಗೊತ್ತಾದ ತಾರೀಖಿಗೆ ಆಗಬೇಕು.

ಗೆಳೆಯರೇ, ನಾಳೆ ನಮ್ಮಲ್ಲೇ ಕೆಲವರು ವಾರ್ಡನ್ ಆಗ್ತೀವಿ, ಅಧಿಕಾರಿ ಆಗ್ತೀವಿ. ಜೀಪು ಹತ್ತಿದ ಮೇಲೆ ಈ ಅಡುಗೆಮನೆ ಮರೆತರೆ ನಾವು ಓದಿದ್ದು ದಂಡ.

ಸಾರು ನೀರಾದರೆ ಇನ್ನು ಮುಂದೆಯೂ ತಟ್ಟೆ ಬಡಿಯೋಣ, ಇಲಾಖೆಯ ಕಚೇರಿ ಮುಂದೆ. ಅಡುಗೆಯಮ್ಮ ನಮ್ಮ ಜೊತೆಗೇ ನಿಂತಿರಲಿ.

ಜೈ ಭೀಮ್.