ನಡುಗುವ ನೆಲದ ಗುರುತು

ಪರ್ವತಕ್ಕೆ ‘ಅಚಲ’ವೆಂದು ಹೆಸರು, ಭೂಮಿಗೆ ‘ಅಚಲಾ’ ಎಂದು ಹೆಸರು. ನಿಘಂಟಿನಲ್ಲಿ ಇವೆರಡೂ ಅಲುಗಾಡದವು. ವಾಸ್ತವವಾಗಿ ಹಾಗಿಲ್ಲ. ಭರತಖಂಡದ ನೆಲವು ವರ್ಷಕ್ಕೆ ಸುಮಾರು ೫ ಸೆಂಟಿಮೀಟರಿನಷ್ಟು ಉತ್ತರಕ್ಕೆ ಸರಿಯುತ್ತಿದೆ. ಅದು ಒತ್ತಿದ ಕಡೆಯಲ್ಲಿ ಹಿಮಾಲಯವು ಎದ್ದಿತು; ಇನ್ನೂ ಏಳುತ್ತಿದೆ. ೧೯೦೫ರಲ್ಲಿ ಕಾಂಗ್ಡಾ, ೧೯೩೪ರಲ್ಲಿ ಬಿಹಾರ ಮತ್ತು ನೇಪಾಳ, ೧೯೫೦ರಲ್ಲಿ ಅಸ್ಸಾಂ, ೨೦೧೫ರಲ್ಲಿ ಮತ್ತೆ ನೇಪಾಳ ನಡುಗಿದುದು ಈ ಒತ್ತಡದಿಂದಲೇ.

ಅಷ್ಟು ಉದ್ದದ ಬೆಟ್ಟಸಾಲಿನಲ್ಲಿ ಮುಂದೆ ಅಪಾಯವೆಲ್ಲಿ? ಇದನ್ನು ಅರಿಯಲು ವಿಜ್ಞಾನಿಗಳು ಒಂದು ದಾರಿ ಕಂಡುಕೊಂಡಿದ್ದಾರೆ. ಬೆಟ್ಟಸೀಮೆಯು ಬಿರುಕುಗಳಿಂದ ತುಂಡುತುಂಡಾಗಿರುತ್ತದೆ. ಆ ಬಿರುಕುಗಳು ಕೂಡುವ ಗಂಟುಗಳಲ್ಲಿಯೇ ಬಲವಾದ ಭೂಕಂಪಗಳು ಹೆಚ್ಚು. ಹಿಂದೆ ನಡುಗಿದ ಗಂಟುಗಳ ಎತ್ತರ, ಏರಿಳಿತ ಮೊದಲಾದ ಲಕ್ಷಣಗಳನ್ನು ಗುರುತಿಸಿಕೊಂಡು, ಅದೇ ಲಕ್ಷಣಗಳುಳ್ಳ ಬೇರೆ ಗಂಟುಗಳನ್ನು ಹುಡುಕುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನ ಸಂಸ್ಥೆಯವರು ರಷ್ಯದ ವಿದ್ವಾಂಸರೊಡಗೂಡಿ ೧೯೯೨ರಲ್ಲಿ ಹಿಮಾಲಯದ ಇಂತಹ ಸ್ಥಳಗಳನ್ನು ಗುರುತಿಸಿ ಪ್ರಕಟಿಸಿದರು. ಇದರಿಂದ ಸ್ಥಳ ತಿಳಿದೀತು, ಗಳಿಗೆ ತಿಳಿಯದು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ವಾಸಿಸುವ ನಮಗೆ ಇದರ ಗೊಡವೆ ಏಕೆಂದು ತಾವು ಕೇಳಬಹುದು. ನಮ್ಮ ಬಂಡೆಗಳಿಗೆ ೨೫೦ ಕೋಟಿ ವರ್ಷಗಳಷ್ಟು ವಯಸ್ಸು. ಅವುಗಳ ಮುಂದೆ ಹಿಮಾಲಯ ಎಳೆಗೂಸು. ಇಲ್ಲಿ ಅಪಾಯ ಕಡಿಮೆಯೆಂಬುದು ನಿಜ. ಆದರೆ ಕಡಿಮೆಯೆಂದರೆ ಇಲ್ಲವೆಂದಲ್ಲ. ೧೮೪೩ರ ಏಪ್ರಿಲ್ ೧ರಂದು ಬಳ್ಳಾರಿಯಲ್ಲಿ ಭೂಮಿ ನಡುಗಿದುದು ದಾಖಲೆಯಲ್ಲಿದೆ. ಮಹಾರಾಷ್ಟ್ರದ ಕಿಲ್ಲಾರಿಯೂ ನಮ್ಮಂತೆಯೇ ದಖ್ಖಣದ ಊರು. ಅಂದಿನ ನಕ್ಷೆಯಲ್ಲಿ ಅದು ಅತ್ಯಂತ ಕಡಿಮೆ ಅಪಾಯದ ವಲಯದಲ್ಲಿತ್ತು. ೧೯೯೩ರ ಸೆಪ್ಟೆಂಬರ್ ೩೦ರ ನಸುಕಿನಲ್ಲಿ, ಜನರು ಮಲಗಿದ್ದಾಗ, ಅಲ್ಲಿ ಭೂಕಂಪವಾಗಿ ಆ ಸೀಮೆಯಲ್ಲಿ ೭,೦೦೦ಕ್ಕೂ ಹೆಚ್ಚು ಮಂದಿ ಮಡಿದರು.

ಕೊಂದುದು ನಡುಕವೊಂದೇ ಅಲ್ಲ, ಮನೆ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಭಾರವಾದ ಮಣ್ಣಿನ ಮಾಳಿಗೆ. ನಮ್ಮ ಹಳೆಯ ಮನೆಗಳೂ ಅನೇಕವು ಹೀಗೆಯೇ ಅಲ್ಲವೆ? ಸೋರಿತೆಂದು ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಮಣ್ಣು ಹೊದಿಸುತ್ತ ಹೋಗುತ್ತೇವೆ. ವರ್ಷವರ್ಷವೂ ತಲೆಯ ಮೇಲಿನ ಭಾರ ಬೆಳೆಯುತ್ತದೆ.

ಹೊಸ ಮಣ್ಣು ಹಾಕುವ ಮುನ್ನ ಹಳೆಯದನ್ನು ತೆಗೆಸಿರಿ. ಹೊಸ ಗೋಡೆ ಕಟ್ಟಿಸುವಾಗ, ಒಳಮುಖದಿಂದ ಹೊರಮುಖಕ್ಕೆ ಮುಟ್ಟುವ ಉದ್ದನೆಯ ಕಲ್ಲುಗಳನ್ನು ಅಲ್ಲಲ್ಲಿ ಇಡಿಸಿರಿ. ಬಾಗಿಲಿನ ಮೇಲ್ಮಟ್ಟದಲ್ಲಿ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನ ಪಟ್ಟಿ ಎಲ್ಲ ಗೋಡೆಗಳನ್ನೂ ಸುತ್ತಿ ಬಿಗಿಯಲಿ. ಈ ಬೇಸಿಗೆಯಲ್ಲಿ ಮನೆಯ ದುರಸ್ತಿಗೆ ಕೈಹಾಕುವವರು ಮೇಸ್ತ್ರಿಯೊಡನೆ ಈ ಮಾತನ್ನಾಡಿ ನೋಡಬೇಕೆಂದು ನನ್ನ ಬಿನ್ನಹ.